ಹೊಸಬಾಳೆಯ ಸೂರ್ಯನ ಆಫೀಸು

2025 ಅಕ್ಟೋಬರ್ 7, ಮಂಗಳವಾರ

ಬಸ್ ತಡ. ಇವತ್ತು ಭೂಮಿ ಹುಣ್ಣಿಮೆ. ಶಿರಾಳಕೊಪ್ಪ ದಾಟಿದ ಮೇಲೆ ಗದ್ದೆಗದ್ದೆಯಲ್ಲೂ ಜನ, ಬುಟ್ಟಿ, ಬಾಳೆಎಲೆ. ಸ್ಟೇಷನ್ ತಲುಪುವಾಗ ಬಿಸಿಲು ಏರಿತ್ತು. ವಾಚು, ಕೊಡೆ, ಟಿಫಿನ್ ಡಬ್ಬಿ, ಫೋನು ಎಲ್ಲ ರಸ್ತೆ ಬದಿಯ ಕೋಣೆಯಲ್ಲಿಟ್ಟು ಬರಿಗೈಯಲ್ಲಿ ಒಳಗಿನ ಮರದ ಮನೆಗೆ. ಗೆದ್ದಲು ಇಲ್ಲ. ತೇವ ಇಲ್ಲ. ಸೆನ್ಸರ್ ಸರಿ ಇದೆ. ನಿನ್ನೆಯ ಅಳತೆಯ ರೇಖೆ ಶಾಂತ.

ಗದ್ದೆ ಪೂಜೆ ಮುಗಿಸಿ ಹುಲಿಯಮ್ಮ ಬಂದರು. ಈ ಜಾಗ ಅವರದೇ. ಅವರ ಯಜಮಾನರು ಬದುಕಿದ್ದಾಗ ಸ್ಟೇಷನ್ನಿಗೆ ಬಿಟ್ಟುಕೊಟ್ಟದ್ದು. ಕುಡುಗೋಲು ಬೇಲಿಯಾಚೆ ಇಟ್ಟು, ಸೆರಗಿನ ಪಿನ್ ಕೂಡ ತೆಗೆದು ಅದರ ಪಕ್ಕ ಇಟ್ಟರು.

"ಕಬ್ಬಿಣ ಎಂತದೂ ಇಲ್ಲ ಮೇಡಂ. ಕಡುಬು ಐತೆ ಅಷ್ಟೆ."

ಬೆರಕೆ ಸೊಪ್ಪಿನ ಪಲ್ಯ, ಕಡುಬು. ಎರಡು ಸಲ ಹಾಕಿಸಿಕೊಂಡೆ.

ಆಮೇಲೆ ಮೇಲ್ ನೋಡಿದೆ. ಸ್ಟೇಷನ್ನಿನ ಯೋಜನೆ ಡಿಸೆಂಬರಿಗೆ ಮುಗಿಯುತ್ತದೆ. ಸರ್ಕಾರದ ದುಡ್ಡು ಮುಂದುವರಿಯಬೇಕಾದರೆ ಪರಿಶೀಲನಾ ಸಮಿತಿ ಬಂದು ನೋಡಬೇಕು. ಅದಕ್ಕೆ ಮೊದಲು, ಸಾಮಾನ್ಯ ಜನರಿಗೆ ಅರ್ಥವಾಗುವ ಹಾಗೆ ಒಂದು ಪುಟ ಬರೆದು ಕಳಿಸಬೇಕಂತೆ. ಇಲ್ಲೇ ಬರೆದು ನೋಡುತ್ತೇನೆ—

ಸೂರ್ಯನಿಂದ ಬೆಳಕು ಮಾತ್ರ ಬರುವುದಲ್ಲ. ಗಾಳಿಯಂಥದ್ದೊಂದು ಸದಾ ಬೀಸುತ್ತಿರುತ್ತದೆ. ಒಮ್ಮೊಮ್ಮೆ ಬಿರುಗಾಳಿಯಾಗುತ್ತದೆ. ಅದು ಬಂದು ತಾಗಿದಾಗ ಭೂಮಿಯ ಕಾಂತಬಲ ಅಲುಗುತ್ತದೆ. ಜಿಪಿಎಸ್ ತಪ್ಪು ಹೇಳುತ್ತದೆ, ಉಪಗ್ರಹ ಕೆಡಬಹುದು, ಕರೆಂಟಿನ ಜಾಲ ಮುಗ್ಗರಿಸಬಹುದು. ಆ ಅಲುಗಾಟವನ್ನು ಇಲ್ಲಿ ಅಳೆದು, ಮುನ್ಸೂಚನೆ ಕೊಡುವವರಿಗೆ ಕಳಿಸುತ್ತೇವೆ. ಅದಕ್ಕೇ ಸುತ್ತಮುತ್ತ ಕಬ್ಬಿಣ ಇರಬಾರದು.

ಓದಿದೆ. ಸಪ್ಪೆ. ಊರವರು ಇಟ್ಟ ಹೆಸರೇ ವಾಸಿ. ಸೂರ್ಯನ ಆಫೀಸು.

ಅಕ್ಟೋಬರ್ 9

ಬೆಳಿಗ್ಗೆ ಕಂಪ್ಯೂಟರಿನಲ್ಲಿ ರೇಖೆ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಹಾರಿತು. ಸೂರ್ಯ ಅಲ್ಲ. ಹೊರಗೆ ಓಡಿದೆ. ಮರದ ಮನೆಯ ಬೇಲಿಗೇ ಒರಗಿಸಿದಂತೆ ಬೈಕು. ಪಕ್ಕದಲ್ಲಿ ಉದ್ದ ಕೋಲು ಹಿಡಿದು ಒಬ್ಬರು.

"ಯಾರ್ರೀ ಗಾಡಿ ಇಲ್ಲಿ ನಿಲ್ಸಿದ್ದು? ಬೋರ್ಡ್ ಕಾಣಲ್ವಾ?"

"ಓದಿದೆ ಮೇಡಂ. ಕಬ್ಬಿಣ ತರಬಾರ್ದು ಅಂತಿತ್ತು. ಬೈಕು ಅಂತ ಬರ್ದಿರ್ಲಿಲ್ಲ."

ನಗದೆ ಹೇಳಿದರು. ಹೇಳಿಯಾದ ಮೇಲೆ ತಾವೇ ನಕ್ಕುಬಿಟ್ಟರು. ಎಂಜಿನ್ ಶುರು ಮಾಡದೆ ರಸ್ತೆಯವರೆಗೆ ತಳ್ಳಿಕೊಂಡು ಹೋದರು, ಏರು ಬೇರೆ. ಬೆವರೊರೆಸಿಕೊಂಡು ವಾಪಸ್ ಬರುವಾಗ ಬೆಲ್ಟನ್ನೂ ಬಿಚ್ಚಿ ಬಂದಿದ್ದರು.

ಸೊರಬ ತಾಲ್ಲೂಕಿನ ಸರ್ವೇಯರ್. ಹೆಸರು ಮಾಲತೇಶ್. ಹುಲಿಯಮ್ಮನಿಗೂ ಅವರ ಮೈದುನ ಗುತ್ಯಪ್ಪನಿಗೂ ಗಡಿ ತಕರಾರು. ಹದ್ದುಬಸ್ತು ಮಾಡಿ ಕಲ್ಲು ನೆಡಬೇಕು. ತಕರಾರಿರುವುದು ನಮ್ಮ ಬೇಲಿಗೆ ಹತ್ತಿದ ಬ್ಯಾಣದ ಪಟ್ಟಿ, ಬರೀ ಹುಲ್ಲು ಬೆಳೆಯುವ ಜಾಗ. ಅದಕ್ಕಾಗಿ ಅಣ್ಣ ಸತ್ತಾಗಿನಿಂದ ಗುತ್ಯಪ್ಪ ಅತ್ತಿಗೆಯನ್ನು ಮಾತಾಡಿಸಿಲ್ಲ.

ಅಕ್ಟೋಬರ್ 17

ಸರ್ವೇಯರ್ ಮತ್ತೆ ಬಂದಿದ್ದರು. ಬೈಕು ರಸ್ತೆಯಲ್ಲೇ. ಅವರ ಅಳತೆ ಯಂತ್ರವೂ ಉಪಗ್ರಹ ನಂಬಿಕೊಂಡದ್ದು. ರೋವರ್ ಅಂತಾರೆ.

"ಕೆಲವು ದಿನ ಫಿಕ್ಸೇ ಬರದಿಲ್ಲ ರೀ. ಫ್ಲೋಟಲ್ಲೇ ನಿಂತಿರ್ತದೆ, ಅಂಕಿ ಒಂದ್ ಕಡೆ ನಿಲ್ಲದಿಲ್ಲ. ಮೋಡ ಇರದಿಲ್ಲ, ಮರ ಇರದಿಲ್ಲ. ಎಂತಕ್ಕೆ?"

ಎಲ್ಲ ಸಲವೂ ಸೂರ್ಯನೇ ಕಾರಣ ಅಂತಲ್ಲ, ಆದರೆ ಮೇಲಿನ ವಾತಾವರಣ ಕದಡಿದ ದಿನ ಉಪಗ್ರಹದ ಸಂದೇಶ ಅಡ್ಡಾದಿಡ್ಡಿ ಬರುತ್ತದೆ ಅಂದೆ. ಟೀ ಆರುವವರೆಗೆ ಕೇಳಿದರು. ಕೇಳುವಾಗ ಮಧ್ಯೆ ಬಾಯಿ ಹಾಕುವುದಿಲ್ಲ. ಅಪರೂಪ.

"ಹಂಗಾರೆ ಮಳೆ ಹೇಳ್ದಂಗೆ ನಮ್ಗೂ ಬೆಳಿಗ್ಗೆ ಒಂದ್ ಮಾತು ಹೇಳ್ಬೌದಲ್ಲ?"

ಹೇಳಬಹುದು. ಐದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೆ.

ಅಕ್ಟೋಬರ್ 23

ದೀಪಾವಳಿ ಮುಗಿಯಿತು. ಅಪ್ಪಾಜಿಗೆ ಹೋಳಿಗೆ ಜಾಸ್ತಿಯಾಗಿ ಹೊಟ್ಟೆ ಸರಿ ಇಲ್ಲ. ಅವ್ವ ಹೋದ ಮೇಲೆ ಹಬ್ಬದಡುಗೆಯ ಅಳತೆ ನನಗಿನ್ನೂ ಸಿಕ್ಕಿಲ್ಲ. ಇಬ್ಬರಿಗೆ ಹತ್ತು ಜನರಷ್ಟು ಮಾಡಿಬಿಡುತ್ತೇನೆ.

ಬೆಳಿಗ್ಗೆ ಮಾಲತೇಶ್ ಮೆಸೇಜು: "ಇವತ್ತೂ ರಜಾ ಹಾಕಿದೀನಿ. ಆದ್ರೂ ಹೇಳಿ."

"ಶಾಂತ" ಎಂದು ಕಳಿಸಿದೆ. ದಿನವೂ ಇದೊಂದೇ ಪದ. ಆ ಕಡೆಯಿಂದ ಏನಾದರೊಂದು ಬರುತ್ತದೆ— ಗುಡವಿ ಕೆರೆಯಲ್ಲಿ ಹಕ್ಕಿಮರಿಗಳು ಹಾರಲು ಕಲಿತ ಸುದ್ದಿ, ಇಲ್ಲವೇ ಬೆಳಗಿನ ತಿಂಡಿ ಕೆಟ್ಟಿತ್ತೆಂಬ ವರದಿ.

"ಯಾರದವಾ, ಇಷ್ಟು ಬೆಳಿಗ್ಗೆ?" ಅಪ್ಪಾಜಿ.

"ಆಫೀಸಿಂದು."

ಅರ್ಧ ನಿಜ.

ನವೆಂಬರ್ 4

ಹುಲಿಯಮ್ಮ ಒಂದು ಸುದ್ದಿ ಹೇಳಿದರು. ಪಟ್ಟಿ ತನ್ನ ಪಾಲಿಗೆ ಬಂದರೆ ಗುತ್ಯಪ್ಪ ಅಲ್ಲಿ ಶುಂಠಿ ತುಂಬಲು ಶೆಡ್ ಹಾಕುತ್ತಾನಂತೆ. ಕಬ್ಬಿಣದ ಕಂಬ, ಜಿಂಕ್‌ಶೀಟು. ನಮ್ಮ ಸೆನ್ಸರಿಗೆ ಮಗ್ಗುಲಲ್ಲೇ. ಲಾರಿ ಬಂದುಹೋದಾಗಲೆಲ್ಲ ರೇಖೆ ಕುಣಿಯುತ್ತದೆ. ಅಂಥ ಸ್ಟೇಷನ್ನಿಗೆ ಯಾವ ಸಮಿತಿ ದುಡ್ಡು ಕೊಟ್ಟೀತು?

ಪಟ್ಟಿ ಹುಲಿಯಮ್ಮನದೇ ಆಗಲಿ ಎಂದು ಮನಸ್ಸು. ಅಳೆಯುವವರು ಮಾಲತೇಶ್. ಅವರಿಗೆ ಈ ಮಾತು ಹೇಳಲಿಲ್ಲ. ಹೇಳಬಾರದು.

ನವೆಂಬರ್ 11

ನಾಳೆ ಹದ್ದುಬಸ್ತು. ಭಾನುವಾರ ಸೂರ್ಯನಲ್ಲಿ ಒಂದು ಸ್ಫೋಟ. ನಿನ್ನೆ ಇನ್ನೊಂದು. ಇವತ್ತು ಮಧ್ಯಾಹ್ನ ಅವೆರಡನ್ನೂ ಮೀರಿಸಿದ್ದು. ಮೊದಲೆರಡರ ಹೊಡೆತ ನಾಳೆ ಬೆಳಗಿನೊಳಗೆ ತಾಗಬಹುದು ಎಂದು ಎಲ್ಲ ಕಡೆಯಿಂದ ಎಚ್ಚರಿಕೆ.

ಫೋನು ಮಾಡಿದೆ. "ನಾಳೆ ಅಳೀಬೇಡಿ ಮಾಲತೇಶ್."

"ಖಂಡಿತನಾ?"

"ಖಂಡಿತ ಅಂತ ಹೇಳೋಕಾಗಲ್ಲ. ಮಳೆ ಥರಾನೇ. ಆದ್ರೆ ನಾನಾಗಿದ್ರೆ ಅಳೀತಿರಲಿಲ್ಲ."

"ಆತು. ನೋಟಿಸ್ ಹೋಗೈತೆ, ಬರ್ಲೇಬೇಕು. ಬರ್ತೀನಿ. ಕಲ್ಲು ನೆಡದಿಲ್ಲ."

ಫೋನು ಇಟ್ಟ ಮೇಲೆ ಹೊಳೆಯಿತು. ಇದು ಗುತ್ಯಪ್ಪನ ಕಿವಿಗೆ ಹೇಗೆ ಕೇಳಿಸುತ್ತದೆ?

ನವೆಂಬರ್ 12, ಬುಧವಾರ

ಬಂದಿತು. ನಸುಕಿನಲ್ಲೇ ಬಂದಿದೆ. ಸ್ಟೇಷನ್ನಿಗೆ ಬಂದು ನೋಡುವಾಗ ರೇಖೆ ಪರದೆಯ ಕೆಳಗಿನ ಅಂಚು ಹುಡುಕುತ್ತಿತ್ತು. ಇಲ್ಲಿಗೆ ಬಂದ ಮೇಲೆ ಇಷ್ಟು ದೊಡ್ಡದನ್ನು ನೋಡಿದ್ದು ಇನ್ನೊಂದೇ ಸಲ.

ಹೊರಗೆ ಜಗಳ. ನಾನು ಭಯಪಟ್ಟಿದ್ದೇ ಆಯಿತು.

"ಮೇಡಂಗೆ ಬೇಕಾದಂಗೆ ಆಗೋತನ ಅಳೆಯದಿಲ್ಲ, ಅಲ್ಲನ್ರೀ?" ಗುತ್ಯಪ್ಪ ಊರವರೆದುರು ಕೂಗುತ್ತಿದ್ದ. "ಇವತ್ತು ಸೂರ್ಯ ಸರಿ ಇಲ್ಲಂತೆ. ನಾಳೆ ಚಂದ್ರ ಸರಿ ಇಲ್ಲ ಅಂತೀರಿ."

ಮಾಲತೇಶ್ ಏರುದನಿ ಮಾಡಲಿಲ್ಲ. ಕೋಲು ಅವನ ಕೈಗೇ ಕೊಟ್ಟರು. "ನೀವೇ ಹಿಡ್ಕಳಿ. ಹಳೇ ಕಲ್ಲಿನ ಮೇಲೆ. ಕೋಲಿನ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲಂಗೆ."

ಹಿಡಿದ. ಉಸಿರು ಬಿಗಿಹಿಡಿದು ಹಿಡಿದ. ಮಾಲತೇಶ್ ಯಂತ್ರದ ಪರದೆಯನ್ನು ಎಲ್ಲರಿಗೂ ತೋರಿಸಿದರು. ಅಂಕಿಗಳು ನಿಲ್ಲುತ್ತಿರಲಿಲ್ಲ. ಒಮ್ಮೆ ಮೊಳ ಆಚೆ, ಒಮ್ಮೆ ಈಚೆ.

"ನಾ ಅಲ್ಲಾಡಿಲ್ಲ," ಎಂದ ಗುತ್ಯಪ್ಪ.

"ಇಲ್ಲ."

"ಕಲ್ಲೂ ಅಲ್ಲಾಡಿಲ್ಲ. ನಮ್ಮಜ್ಜ ನೆಟ್ಟಿದ್ದು."

"ಇಲ್ಲ."

"ಮತ್ತೆಂತ ಅಲ್ಲಾಡದು?"

ಮಾಲತೇಶ್ ಮೇಲೆ ನೋಡಿದರು. ಎಲ್ಲರೂ ನೋಡಿದರು. ಬರೀ ನೀಲಿ ಆಕಾಶ. ಆಗ ಹುಲಿಯಮ್ಮ ಸೆರಗು ಬಾಯಿಗಿಟ್ಟುಕೊಂಡರೂ ನಗು ತಡೆಯಲಾಗಲಿಲ್ಲ. "ನಿಂತಲ್ಲೇ ನಿಂತು ನನ್ ಜಾಗದ ಒಳಗೆ ಬಂದ್ಯಲ್ಲೋ ಗುತ್ಯಪ್ಪ."

ಗುತ್ಯಪ್ಪ ಕೋಲು ಹಿಡಿದೇ ಇದ್ದ. ಮೀಸೆಯ ಅಡಿಯಲ್ಲಿ ಏನೋ ಸಡಿಲಾಯಿತು. "ವಾಪಸ್ಸೂ ಹೋದೆ ಅತ್ತಿಗೆ. ನೋಡು," ಎಂದ.

ಎಷ್ಟೋ ವರ್ಷದ ಮೇಲೆ ಆಡಿದ ಮಾತಂತೆ ಅದು. ಹುಲಿಯಮ್ಮ ಆಮೇಲೆ ಕೋಣೆಗೆ ಬಂದು ನೀರು ಕೇಳಿ ಕುಡಿದು ಹೋದರು.

ನವೆಂಬರ್ 19

ಆಕಾಶ ಶಾಂತ. ಅಳತೆ ಆಯಿತು. ಕಲ್ಲು ನೆಟ್ಟಾಯಿತು.

ಎಲ್ಲರೂ ಹೋದ ಮೇಲೆ ಮಾಲತೇಶ್ ಬಂದರು. ಕೂರಲಿಲ್ಲ.

"ನೀವು ಬೇರೆಯವ್ರ ಬಾಯಲ್ಲಿ ಕೇಳದು ಬೇಡ ಅಂತ ಬಂದೆ. ಪಟ್ಟಿ ಗುತ್ಯಪ್ಪನ ಹಿಸ್ಸಾಕ್ಕೆ ಬರ್ತದೆ. ಹಳೇ ನಕ್ಷೆ ಇಟ್ಟು ಇನ್ನೊಂದ್ ಸಲನೂ ನೋಡ್ದೆ."

"ಶೆಡ್ ವಿಷಯ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ನೀವು ಬಾಯಿ ಬಿಡ್ದೇ ಇದ್ದಿದ್ದೂ ಗೊತ್ತಿತ್ತು."

ಸರಿ ಎಂದೆ. ಅಷ್ಟೇ ಎಂದೆ. ಹೋದರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಅವರು ಮಾಡಿದ್ದು ಸರಿ. ಸರಿ ಎನ್ನುವುದೇ ಹೊಟ್ಟೆ ಉರಿಸುತ್ತದೆ.

ನವೆಂಬರ್ 21

ನಿನ್ನೆ ಮೆಸೇಜ್ ಕಳಿಸಲಿಲ್ಲ. ಆ ಕಡೆಯಿಂದಲೂ ಇಲ್ಲ. ಇವತ್ತು ಬೆಳಿಗ್ಗೆ ಕೈ ತಡೆಯದೆ— "ಶಾಂತ."

ತಕ್ಷಣ ಬಂತು: "ಆಕಾಶನಾ, ನೀವಾ?"

"ಆಕಾಶ."

ಶಿರಾಳಕೊಪ್ಪ ದಾಟಿದ ಮೇಲೆ ಇನ್ನೊಂದು ಕಳಿಸಿದೆ. "ನಾನೂ ಆಗ್ತಾ ಇದೀನಿ."

ನವೆಂಬರ್ 22

ಗುತ್ಯಪ್ಪ ಬೇಲಿಯಾಚೆ ನಿಂತು ಕೆಮ್ಮಿದ. ಹೊರಗೆ ಹೋದೆ.

"ಶೆಡ್ಡು ರಸ್ತೆ ಕಡೆಗೆ ಹಾಕ್ಕಂತೀನಿ ಮೇಡಂ. ಇಲ್ಲೀವರೆಗೆ ಲಾರಿ ಬರದೂ ಕಷ್ಟ." ತಲೆ ಕೆರೆದುಕೊಂಡ. "ಅಣ್ಣ ಕೊಟ್ಟ ಜಾಗ ಅಲ್ವ ಇದು. ನನ್ ಕೈಲಿ ಹಾಳಾತು ಅನ್ಸದು ಬೇಡ."

ಥ್ಯಾಂಕ್ಸ್ ಹೇಳುವಷ್ಟರಲ್ಲಿ ಎಮ್ಮೆ ಅಟ್ಟಿಕೊಂಡು ಹೊರಟೇಬಿಟ್ಟಿದ್ದ.

ನವೆಂಬರ್ 23, ಭಾನುವಾರ

ಗುಡವಿ. ಮಾಲತೇಶ್ ಅವರ ಊರು. ಕೆರೆಯ ಮರಗಳ ತುಂಬ ಬಿಳಿ ಕೆಂಬರಲು, ಹಾವಕ್ಕಿ. ಅರ್ಧ ಹಕ್ಕಿಗಳು ಆಗಲೇ ಹೊರಟು ಹೋಗಿವೆ. ಮಾಲತೇಶ್ ತಮ್ಮ ಹೆಂಡತಿಯ ಬಗ್ಗೆ ಹೇಳಿದರು. ಮದುವೆಯಾದ ಎರಡನೇ ವರ್ಷಕ್ಕೇ ಮಿದುಳು ಜ್ವರ. ಆಮೇಲೆ ಅಕ್ಕ ತಿಮ್ಮಮ್ಮನ ಮನೆಯಲ್ಲಿ ಊಟ, ಊರೂರು ಅಳತೆ.

ನಾನು ಅವ್ವನ ಬಗ್ಗೆ ಹೇಳಿದೆ. ಡಯಾಲಿಸಿಸ್ಸಿನ ವರ್ಷಗಳಲ್ಲಿ ಬಂದ ಸಂಬಂಧಗಳು, ಹೋದ ಸಂಬಂಧಗಳು. ಆಮೇಲೆ ಯಾರೂ ಬರಲಿಲ್ಲ ಎಂದೆ.

"ನಾನ್ ಬಂದ್ನಲ್ಲ. ನೀವು ಬೈದು ಗಾಡಿ ತಳ್ಳಿಸಿದ್ರಿ."

ನಾನು ನಕ್ಕ ಸದ್ದಿಗೆ ಪಕ್ಕದ ಮರದ ಹಕ್ಕಿ ಎದ್ದಿತು.

ಡಿಸೆಂಬರ್ 4

ಸಮಿತಿ ಬಂದು ಹೋಯಿತು. ಹುಲಿಯಮ್ಮ ಬೇಲಿಯಲ್ಲೇ ತಡೆದು ಇಬ್ಬರು ವಿಜ್ಞಾನಿಗಳ ಬೆಲ್ಟ್ ಬಿಚ್ಚಿಸಿದರು. ಸಮಿತಿಯ ಮುಖ್ಯಸ್ಥೆ ಹಾಸನದ ಕಡೆಯವರು, ಕನ್ನಡದಲ್ಲೇ ಮಾತಾಡಿದರು.

"ಸೂರ್ಯನನ್ನು ನೋಡೋಕೆ ಉಪಗ್ರಹ ಇದೆ. ನೆಲದ ಮೇಲೆ ಇದೆಲ್ಲ ಯಾಕಮ್ಮ?"

ಉಪಗ್ರಹ ಬರುತ್ತಿರುವುದನ್ನು ಹೇಳುತ್ತದೆ, ಬಂದದ್ದು ನಮ್ಮ ನೆತ್ತಿಯ ಮೇಲೆ ಏನು ಮಾಡಿತು ಅನ್ನೋದನ್ನು ನೆಲವೇ ಹೇಳಬೇಕು ಎಂದೆ.

"ಎಷ್ಟು ಜನಕ್ಕೆ ಉಪಯೋಗವಾಗಿದೆ?"

ಸರ್ವೇಯರ್ ಕಥೆ ಹೇಳಬಹುದಿತ್ತು. ಹೇಳಿದೆ ಕೂಡ. ಆದರೆ ಅದು ಒಂದು ಹುಲ್ಲಿನ ಪಟ್ಟಿ, ಒಂದು ಕೋಲು. "ಲೆಕ್ಕ ಗೊತ್ತಿಲ್ಲ ಮೇಡಂ. ತಾಲ್ಲೂಕು ಆಫೀಸಲ್ಲಿ ಮಳೆ ಅಳೆಯೋ ಪಾತ್ರೆ ಇಟ್ಟ ಮೊದಲನೇ ವರ್ಷ ಯಾರಿಗೆ ಉಪಯೋಗ ಆಗಿತ್ತು? ಬಿಡದೆ ಅಳೆದದ್ದಕ್ಕೆ ಈಗ ಮಳೆ ಹೆಚ್ಚೋ ಕಡಿಮೆಯೋ ಹೇಳ್ತೀವಿ. ಇದನ್ನ ಒಬ್ಬ ರೈತ ತನ್ನ ದುಡ್ಡಲ್ಲಿ ಮಾಡೋಕಾಗಲ್ಲ, ಅಂಗಡಿಯವರು ಮಾಡಲ್ಲ. ಎಲ್ಲರ ದುಡ್ಡಲ್ಲೇ ಆಗಬೇಕು."

"ಈ ಉತ್ತರಾನ ಫೈಲಲ್ಲಿ ಹೇಗೆ ಬರೀಲಿ?" ಎಂದರು. ವ್ಯಂಗ್ಯವಲ್ಲ. ನಿಜವಾಗಿಯೂ ಕೇಳಿದರು.

ಹೊರಡುವಾಗ ಹುಲಿಯಮ್ಮ, "ಮುಚ್ಚದಾದ್ರೆ ಮೊದ್ಲೇ ಹೇಳಿ, ಜೋಳ ಹಾಕ್ಕಂತೀನಿ" ಎಂದರು. ಕಾರಿನ ಬಾಗಿಲು ಹಾಕುವ ಮೊದಲು ಹತ್ತಿರ ಹೋಗಿ ಸೇರಿಸಿದರು— "ಸುಮ್ನೆ ಅಂದೆ. ಮುಚ್ಬೇಡಿ."

2026 ಜನವರಿ 12

ಬರೆಯದೆ ಬಹಳ ದಿನವಾಯಿತು. ಬರೆಯಲು ಏನೂ ಇರಲಿಲ್ಲ. ಯೋಜನೆ ಮುಗಿದಿದೆ. ಮುಂದುವರಿಕೆಯ ಆದೇಶ ಬಂದಿಲ್ಲ. "ಸಾಧ್ಯವಾದರೆ ದತ್ತಾಂಶ ನಿಲ್ಲದಂತೆ ನೋಡಿಕೊಳ್ಳಿ" ಎಂದು ಮೇಲ್. ಸಾಧ್ಯವಾದರೆ. ಹೋಗುತ್ತಿದ್ದೇನೆ.

ಇವತ್ತು ಬುತ್ತಿ ಕಟ್ಟುವಾಗ ಅಪ್ಪಾಜಿ ಬಾಗಿಲಲ್ಲಿ ನಿಂತರು.

"ಸಂಬಳ ಇಲ್ದ ಹೋಗಾಕತ್ತೀಯಲ್ಲವಾ?"

"ಯಾರು ಹೇಳಿದ್ರು?"

"ನಿನ್ನ ಮುಖ."

"ಒಂದು ದಿನ ಬಿಟ್ರೆ ಆ ದಿನ ಮತ್ತೆ ಅಳೆಯೋಕೆ ಸಿಗಲ್ಲ ಅಪ್ಪಾಜಿ."

ಡಬ್ಬಿಯ ಮುಚ್ಚಳ ಒತ್ತಿ ಕೊಟ್ಟರು. "ನಿಮ್ಮವ್ವನ್ನ ಆಸ್ಪತ್ರಿಗೆ ಹಿಂಗಾ ಕರ್ಕೊಂಡು ಹೋಗ್ತಿದ್ದಿ. ಒಂದು ವಾರನೂ ತಪ್ಪಿಸಲಿಲ್ಲ. ಹೋಗ್ಬಾ."

ಬಸ್ಸಿನಲ್ಲಿ ಅಳು ಬಂತು. ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋಗಿ, ಆಮೇಲೆ ಬಂದ.

ಜನವರಿ 24

ಅಪ್ಪಾಜಿಯೇ "ನಾನೂ ಬರ್ತೀನಿ" ಎಂದರು. ಮಾವಿನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಮಾಲತೇಶ್ ಬಂದರು. ಅಪ್ಪಾಜಿಗೆ ಅವರು ಬರುವುದು ಮೊದಲೇ ಗೊತ್ತಿತ್ತೇನೋ. ಕೋಣೆಯ ಕಿಟಕಿಯಿಂದ ಕೇಳಿಸುತ್ತಿತ್ತು.

"ನಮ್ಮದು ಬಟ್ಟಿ ಅಂಗಡಿ ಇತ್ತ್ರೀ. ಅರಿವಿ ಅಳೆದು ಹರಿಯುವಾಗ ಒಂದು ಬೆರಳು ಜಾಸ್ತಿನ ಬಿಡ್ತಿದ್ದೆ. ನಿಮ್ಮ ಕೆಲಸದಾಗ ಹಂಗ ಬಿಡಾಕ ಬರಂಗಿಲ್ಲ ಅಲ್ಲ?"

"ಬಿಟ್ರೆ ಪಕ್ಕದೋರದ್ದು ಹೋಗ್ತದೆ ಸರ್."

ಅಪ್ಪಾಜಿ ಹ್ಞೂಂ ಎಂದರು. ಮೆಚ್ಚಿದಾಗ ಅನ್ನುವ ಹ್ಞೂಂ. ಆಮೇಲೆ ಬುತ್ತಿ ಬಿಚ್ಚಿ ಇಬ್ಬರೂ ನನ್ನನ್ನು ಮರೆತೇ ರೊಟ್ಟಿ ತಿಂದರು.

ಫೆಬ್ರವರಿ 26

ಆದೇಶ ಬಂತು. ಎರಡು ಸಲ ಓದಿದೆ.

ಹೊಸಬಾಳೆ ಉಳಿಯುತ್ತದೆ. ಇನ್ನೈದು ವರ್ಷ. ಮುಖ್ಯಸ್ಥೆ ಮಳೆಯ ಪಾತ್ರೆಯ ಮಾತನ್ನು ಹಾಗೇ ಬರೆದಿದ್ದಾರೆ. ಆದರೆ ಸ್ಟೇಷನ್ ಇನ್ನು ಸ್ವಯಂಚಾಲಿತ. ದತ್ತಾಂಶ ತಾನೇ ಹೋಗುತ್ತದೆ. ವೀಕ್ಷಕರ ಹುದ್ದೆ ಇಲ್ಲ. ಯಂತ್ರಕ್ಕೆ ಮಂಜೂರಾತಿ, ನನಗಿಲ್ಲ. ತಿಂಗಳಿಗಿಷ್ಟು ಸಲ ಹೋಗಿ ಗೆದ್ದಲು, ತೇವ ನೋಡಲು ಯಾರಾದರೂ ಸ್ಥಳೀಯರು ಒಪ್ಪಿದರೆ ಒಳ್ಳೆಯದಂತೆ.

ಖುಷಿಯೂ ಆಯಿತು. ಅದೇ ವಿಚಿತ್ರ. ರೇಖೆ ನಿಲ್ಲುವುದಿಲ್ಲ ಎಂಬುದು ಮೊದಲು ಬಂತು, ನಾನು ಆಮೇಲೆ ಬಂದೆ.

ಸೊರಬದ ಕಾಲೇಜಿನಲ್ಲಿ ಫಿಸಿಕ್ಸ್‌ಗೆ ಅತಿಥಿ ಉಪನ್ಯಾಸಕರು ಬೇಕೆಂದು ಕೇಳಿದ್ದೆ. ನಾಳೆ ಹೋಗಿ ವಿಚಾರಿಸುತ್ತೇನೆ. ಶನಿವಾರ ಶನಿವಾರ ಇಲ್ಲಿಗೆ ಬರಬಹುದು.

ಫೆಬ್ರವರಿ 28

ಕಾಲೇಜಿನವರು ಸೋಮವಾರದಿಂದಲೇ ಬರಲು ಹೇಳಿದ್ದಾರೆ. ಹುದ್ದೆ ಹೋದದ್ದಕ್ಕೆ ಮಾಲತೇಶ್ ಸಮಾಧಾನ ಹೇಳಲಿಲ್ಲ. ಒಳ್ಳೆಯದೇ. ಬೇಲಿಯಾಚೆ ಕೂತು ನೆಲಗಡಲೆ ಸುಲಿದು ಕೊಡುತ್ತಿದ್ದರು.

"ಬೆಳಿಗ್ಗೆ ಆಕಾಶ ಹೆಂಗೈತೆ ಅಂತ ಹೇಳಾಕೆ ಆಫೀಸೇ ಬೇಕಾ?"

"ಬೇಡ. ಫೋನಿದ್ರೆ ಸಾಕು."

"ಫೋನೂ ಬೇಡ್ದಂಗೆ ಮಾಡ್ಕಂಬೌದಾ ಅಂತ ಕೇಳ್ತಿದೀನಿ."

ಅರ್ಥವಾಗಲು ನನಗೆ ಒಂದು ಕಡಲೆಕಾಯಿಯಷ್ಟು ಹೊತ್ತು ಬೇಕಾಯಿತು. ಹ್ಞೂಂ ಎಂದೆ. ಅಪ್ಪಾಜಿಯ ಹ್ಞೂಂ ಹಾಗೆಯೇ ಬಂತು.

ಮಾರ್ಚ್ 1

ಊಟಕ್ಕೆ ಬಡಿಸುತ್ತಾ ಮದುವೆಯ ಮಾತು ಅಪ್ಪಾಜಿಗೆ ಹೇಳಿದೆ.

"ನಮ್ಮೋರಲ್ಲ," ಎಂದರು.

"ಅಲ್ಲ."

"ನಾಕು ಮಂದಿ ಕೇಳ್ತಾರ."

"ಕೇಳ್ಲಿ."

ಕೈ ತೊಳೆದು ಎದ್ದರು. ಸಾರು ಹಾಗೇ ಉಳಿದಿದೆ.

ಮಾರ್ಚ್ 4

ಮೂಕ ಮನೆ. ಅಪ್ಪಾಜಿ ಪೂಜೆಗೆ ಎಂದಿಗಿಂತ ಹೆಚ್ಚು ಹೊತ್ತು ಕೂರುತ್ತಾರೆ. ನಾನೂ ಮಾತಾಡಿಸಲಿಲ್ಲ. ಆದರೆ ಬುತ್ತಿಯ ಮುಚ್ಚಳ ದಿನವೂ ಅವರೇ ಒತ್ತಿ ಕೊಡುತ್ತಾರೆ.

ಮಾರ್ಚ್ 6

ಕಾಲೇಜಿಂದ ಬಂದಾಗ ಅಪ್ಪಾಜಿ ಅವ್ವನ ಫೋಟೋದ ಗಾಜು ಒರೆಸುತ್ತಿದ್ದರು. ತಿರುಗದೆ ಹೇಳಿದರು. "ಭಾನುವಾರ ಬರಾಕ ಹೇಳು. ಹಿರಿಯರು ಯಾರಿದ್ದಾರ ಅವರಿಗೆ?"

"ಅಕ್ಕ ಇದ್ದಾರೆ."

"ಅವರ್ನೂ ಕರ್ಕೊಂಡ ಬರ್ಲಿ. ಊಟಕ್ಕ."

ಮಾರ್ಚ್ 8, ಭಾನುವಾರ

ಬಂದಿದ್ದಾರೆ. ತಿಮ್ಮಮ್ಮನವರು ಗದ್ದೆಯ ಕೆಂಪಕ್ಕಿ ತಂದಿದ್ದಾರೆ. ಅಡುಗೆ ಆಗಲೇ ಇಳಿಸಿಟ್ಟೆ. ಒಳಕೋಣೆಗೆ ಬಂದು ಈ ಡೈರಿ ಹಿಡಿದು ಕೂತಿದ್ದೇನೆ. ಪಡಸಾಲೆಯ ಮಾತೆಲ್ಲ ಕೇಳಿಸುತ್ತದೆ.

ಮಳೆ ವಿಷಯ ಆಯಿತು. ಶುಂಠಿ ರೇಟು ಆಯಿತು. ಈಗ ಅಪ್ಪಾಜಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದಾರೆ—

"ನಾಕು ಮಂದಿ ಕೇಳಿದ್ರ ಉತ್ತರ ನಾನು ಕೊಡ್ತೀನಿ. ಅದು ನನ್ನ ಕೆಲಸ. ನಿಮ್ಮ ಹತ್ರ ನಂದೊಂದಾ ಮಾತೈತಿ. ನಮ್ಮ ಶರಣ್ಯಾ ಶನಿವಾರ ಶನಿವಾರ ಹೊಸಬಾಳಿಗೆ ಹೋಗ್ತಾಳ. ಅದಕ್ಕ ಸರ್ಕಾರ ಕೊಡ್ಲಿ, ಬಿಡ್ಲಿ. ಆಕಿ ಹೋಗೂದನ್ನ ಯಾರೂ ಬಿಡಿಸಬಾರದು."

ತಿಮ್ಮಮ್ಮನವರ ಬಳೆ ಸದ್ದು. ಈಗ ಮಾಲತೇಶ್ ದನಿ, ತೀರ ಮೆಲ್ಲಗೆ—

"ಬಿಡಿಸದಿಲ್ಲ ಸರ್. ಗೇಟಿನವರೆಗೆ ಬಿಟ್ಟು ಬರ್ತೀನಿ. ಗಾಡಿ ರಸ್ತೇಲೇ ನಿಲ್ಸಿ."

ಅಪ್ಪಾಜಿ ನಗುತ್ತಿದ್ದಾರೆ. ಅವ್ವ ಹೋದ ಮೇಲೆ ಈ ಮನೆಯಲ್ಲಿ ಹೀಗೆ ನಕ್ಕಿದ್ದು ನಾನು ಕೇಳಿಯೇ ಇಲ್ಲ. ಕರೆಯುತ್ತಿದ್ದಾರೆ. "ಶರಣೂ, ಬಾರವಾ ಇಲ್ಲಿ." ಮುಖ ಒರೆಸಿಕೊಂಡು ಹೋಗಬೇಕು, ಹೀಗೇ ಹೋದರೆ ಅತ್ತದ್ದು ಗೊತ್ತಾಗುತ್ತದೆ.